ಗುಹೆಯ ದನಿ, ದೇಹದ ದನಿ

(ಆಕಾಶವಾಣಿ ಭಾಷಣ)



ಕಲೆಯ ಹುಟ್ಟನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಕಣ್ಣಿಗೇ ಮೊದಲ ಮಣೆ ಹಾಕುತ್ತೇವೆ. ಆದಿಮಾನವನು ಗುಹೆಯ ಗೋಡೆಯ ಮೇಲೆ ಬರೆದ ಕಾಡುಕೋಣ, ಕುದುರೆ, ಕೈಯಚ್ಚುಗಳನ್ನು ಪಠ್ಯಪುಸ್ತಕಗಳಲ್ಲಿ ನೋಡಿ, ಕಲೆ ಇಲ್ಲಿಂದ ಆರಂಭವಾಯಿತು ಎಂದು ಹೇಳಿಬಿಡುತ್ತೇವೆ. ಆದರೆ ಆ ಚಿತ್ರ ಬರೆಯುವಾಗ ಅವನು ಮೌನವಾಗಿದ್ದನೇ? ಅವನ ಉಸಿರು, ಅವನ ಹೆಜ್ಜೆ, ಅವನ ಗಂಟಲು ಆ ಕತ್ತಲೆಯಲ್ಲಿ ಯಾವ ಕೆಲಸ ಮಾಡುತ್ತಿದ್ದವು? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಗುಹೆ ಎಂದರೆ ಬರಿಯ ಕಲ್ಲು ಎಂದು ತಿಳಿದರೆ ಅದರ ಅರ್ಧವನ್ನು ಮಾತ್ರ ತಿಳಿದಂತೆ. ಕಲ್ಲು, ಅದರ ನಡುವಣ ಬರಿದು, ಒಳಹೊಕ್ಕ ಮನುಷ್ಯನ ದೇಹ ಈ ಮೂರೂ ಕೂಡಿದಾಗ ಗುಹೆ ಒಂದು ವಾದ್ಯವಾಗುತ್ತದೆ. ಇದು ನನ್ನ ಇಂದಿನ ಮಾತಿನ ತಿರುಳು. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಮೊದಲೇ ದೂರ ಹೋಗಬೇಕಾಗಿಲ್ಲ. ನಮ್ಮ ಬೀದರ ಸೀಮೆಯಲ್ಲಿಯೇ ಇದೆ.

ಬೀದರ ನಗರ ನಿಂತಿರುವುದು ಕೆಂಪು ಕಲ್ಲಿನ ಎತ್ತರದ ಬಯಲಿನ ಮೇಲೆ. ಭೂವಿಜ್ಞಾನಿಗಳು ಲ್ಯಾಟರೈಟ್ ಎಂದೂ ನಾವು ಜಂಬಿಟ್ಟಿಗೆಯೆಂದೂ ಕರೆಯುವ ಕಲ್ಲು ಇದು. ಜೇನುಗೂಡಿನಂತೆ ತೂತುತೂತಾದ ಈ ಕಲ್ಲು ಮಳೆಯ ನೀರನ್ನು ಕುಡಿದು ಕೆಳಕ್ಕೆ ಬಿಡುತ್ತದೆ. ಅದರಡಿಯಲ್ಲಿ ಬಸಾಲ್ಟ್ ಎಂಬ ಗಟ್ಟಿಯಾದ ಕಪ್ಪು ಶಿಲೆಯಿದೆ. ಅದು ನೀರನ್ನು ತಡೆದು ನಿಲ್ಲಿಸುತ್ತದೆ. ಎರಡೂ ಶಿಲೆಗಳು ಕೂಡುವ ಎಡೆಯಲ್ಲಿ, ದಿಣ್ಣೆಯ ಅಂಚಿನಲ್ಲಿ, ತಡೆದ ನೀರು ಹೊರಗೆ ಒಸರುತ್ತದೆ. ಗುರುನಾನಕ ಝೀರಾ, ಪಾಪನಾಶ, ಝರಣಿ ನರಸಿಂಹ — ಬೇರೆ ಬೇರೆ ಭಕ್ತರು ಬೇರೆ ಬೇರೆ ಹೆಸರಿನಿಂದ ಪೂಜಿಸುವ ಈ ತೀರ್ಥಗಳೆಲ್ಲ ಒಂದೇ ನೆಲದ ಕೊಡುಗೆಗಳು.

ಇವುಗಳಲ್ಲಿ ಝರಣಿ ನರಸಿಂಹನ ಗವಿ ನನ್ನ ವಿಷಯಕ್ಕೆ ಹತ್ತಿರದ್ದು. ಗುಡ್ಡದೊಳಗೆ ಕೊರೆದ ಸುಮಾರು 300 ಮೀಟರ್ ಉದ್ದದ ಇಕ್ಕಟ್ಟಾದ ಸುರಂಗ. ಅದರ ತುಂಬ ನೀರು. ಸೊಂಟದಿಂದ ಎದೆಯ ಮಟ್ಟದವರೆಗೆ ಬರುವ ಆ ನೀರಿನಲ್ಲಿ ನಡೆದೇ ದೇವರ ಬಳಿಗೆ ಹೋಗಬೇಕು. ನರಸಿಂಹನು ಹಿರಣ್ಯಕಶಿಪುವನ್ನು ಕೊಂದ ತರುವಾಯ ಝರಾಸುರನೆಂಬ ರಾಕ್ಷಸನನ್ನು ಸಂಹರಿಸಿದನಂತೆ. ಆ ಅಸುರನೇ ನೀರಾಗಿ ದೇವರ ಪಾದದಡಿಯಿಂದ ಹರಿಯುತ್ತಿದ್ದಾನಂತೆ. ತಂದೆಯರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ. ಮುದುಕರು ಮುಂದಿನವರ ಭುಜ ಹಿಡಿದು ಸಾಗುತ್ತಾರೆ. ತಲೆಯ ಮೇಲೆ ಬಾವಲಿಗಳು ತೂಗುತ್ತಿರುತ್ತವೆ. ಯಾರೋ ಒಬ್ಬರು ದೇವರ ಹೆಸರನ್ನು ಎತ್ತಿದರೆ ಸಾಲಿಗೆ ಸಾಲೇ ಅದಕ್ಕೆ ಓಗೊಡುತ್ತದೆ.

ಇಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನಮ್ಮ ಕೂಗು ಪ್ರತ್ಯೇಕ ಪ್ರತಿಧ್ವನಿಯಾಗಿ ಮರಳಿ ಕೇಳಬೇಕಾದರೆ ಎದುರಿನ ಗೋಡೆ ಕಡೇಪಕ್ಷ 17 ಮೀಟರ್ ದೂರದಲ್ಲಿರಬೇಕು. ಈ ಸುರಂಗದಲ್ಲಾದರೋ ಗೋಡೆ ಕೈಗೆಟಕುವಷ್ಟು ಹತ್ತಿರ. ಆದುದರಿಂದ ದನಿ ಹೋಗಿ ಮರಳುವುದಿಲ್ಲ. ಗೋಡೆ, ಛಾವಣಿ, ನೀರಿನ ಮೈ ಇವುಗಳಿಗೆ ಮತ್ತೆ ಮತ್ತೆ ತಾಗಿ ತನ್ನ ಮೇಲೆ ತಾನೇ ಕವಿದುಕೊಳ್ಳುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಯಾರ ದನಿ ಎಲ್ಲಿಂದ ಬಂತೆಂಬುದು ತಿಳಿಯದಾಗುತ್ತದೆ. ನೂರು ಜನರ ದನಿ ಒಂದೇ ದನಿಯಾಗಿ, ನನ್ನದೆಂಬುದು ಅದರಲ್ಲಿ ಕರಗಿಹೋಗುತ್ತದೆ. ಅರವತ್ತು ದಾಟಿದ ನನ್ನಂಥವರ ಕಿವಿ ಎತ್ತರದ ಸ್ವರಗಳನ್ನು ಮೊದಲು ಕಳೆದುಕೊಳ್ಳುತ್ತದೆ. ಆದರೆ ಆ ಗವಿಯಲ್ಲಿ ನಿಂತಾಗ ತಗ್ಗಿನ ಸ್ವರಗಳು ಎದೆಯ ಗೂಡಿಗೇ ಬಂದು ತಟ್ಟುತ್ತವೆ. ಕೇಳುವ ಕೆಲಸವನ್ನು ಮೈಯೆಲ್ಲವೂ ಹಂಚಿಕೊಳ್ಳುತ್ತದೆ.

ನಮ್ಮ ತಲೆಯ ಮೇಲಿನ ಬಾವಲಿಗಳೂ ಈ ವಿದ್ಯೆಯಲ್ಲಿ ನಮಗಿಂತ ಹಿರಿಯರು. ಕಣ್ಣು ಕಾಣದ ಬಾವಲಿ ದಾರಿ ತಪ್ಪುವುದಿಲ್ಲ, ಕಿವಿ ಮುಚ್ಚಿದ ಬಾವಲಿ ಗೋಡೆಗೆ ಬಡಿಯುತ್ತದೆ ಎಂಬುದನ್ನು ಇಟಲಿಯ ಸ್ಪಲಾಂಜಾನಿ ಮುಂತಾದವರು 18ನೆಯ ಶತಮಾನದ ಕೊನೆಯಲ್ಲಿಯೇ ಕಂಡಿದ್ದರು. ಮನುಷ್ಯನ ಕಿವಿಗೆ ನಿಲುಕದ ಅದರ ಕೂಗನ್ನು ಅಮೆರಿಕದ ಡೊನಾಲ್ಡ್ ಗ್ರಿಫಿನ್ ಎಂಬ ವಿಜ್ಞಾನಿ 1938ರ ಅನಂತರ ಯಂತ್ರದ ಮೂಲಕ ಹಿಡಿದು ಈ ರಹಸ್ಯವನ್ನು ಬಿಡಿಸಿದ. ಬಾವಲಿ ತನ್ನ ಕೊರಳಿನಿಂದ ಕತ್ತಲೆಯನ್ನು ಮುಟ್ಟಿ ನೋಡುತ್ತದೆ. ದನಿಯಿಂದ ಗುಹೆಯ ಚಿತ್ರ ಬರೆದ ಮೊದಲ ಕಲಾವಿದ ಬಾವಲಿಯೇ ಎಂದರೆ ತಪ್ಪಾಗಲಾರದು.

ಇದೇ ಕೆಂಪು ಕಲ್ಲನ್ನು ಮನುಷ್ಯರೂ ಕೊರೆದಿದ್ದಾರೆ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪರ್ಷಿಯಾದ ಜಲವಿದ್ಯೆ ಬೀದರಕ್ಕೆ ಬಂತು. ನೌಬಾದಿನಲ್ಲಿ ನೆಲದಡಿಯಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿ ಸಾಗುವ ಕಾಲುವೆಯನ್ನು ತೋಡಿ, ಗಾಳಿ ಬೆಳಕಿಗಾಗಿ ನಡುನಡುವೆ ಬಾವಿಯಂಥ ಕಂಡಿಗಳನ್ನು ಇಳಿಸಿದರು. ಇದನ್ನು ಕಾರೇಜು ಎನ್ನುತ್ತಾರೆ. ನಮ್ಮ ಜನರ ಬಾಯಲ್ಲಿ ಇದು ಸುರಂಗ ಬಾವಿ. ಆ ಕತ್ತಲೆಯಲ್ಲಿ ಗುದ್ದಲಿ ಹಿಡಿದವನಿಗೆ ಮೇಲಿನವರೊಡನೆ ಇದ್ದ ನಂಟೆಂದರೆ ಕಂಡಿಯೊಳಗಿನಿಂದ ಇಳಿದು ಬರುವ ಬೆಳಕು ಮತ್ತು ದನಿ.

ಭಾಲ್ಕಿ ಮತ್ತು ಔರಾದ ಸೀಮೆಯ ಎರೆನೆಲದ ಹಳ್ಳಿಗಳವರು ಇಂಥ ದೊಡ್ಡ ಸುರಂಗಗಳನ್ನು ಕಂಡವರಲ್ಲದಿರಬಹುದು. ಆದರೆ ನನ್ನ ತಲೆಮಾರಿನವರಿಗೆ ಹಗೇವು ಗೊತ್ತು. ಜೋಳವನ್ನು ತುಂಬಿಡಲು ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾಗಿ ಕೊಡದ ಆಕಾರದಲ್ಲಿರುತ್ತಿದ್ದ ಕಣಜ ಅದು. ಧಾನ್ಯವೂ ಉಸಿರಾಡುತ್ತದೆ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಇಂಗಾಲಾಮ್ಲ ತುಂಬಿರುತ್ತದೆ. ಅದಕ್ಕಾಗಿ ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ನಾನು ಹುಡುಗನಾಗಿದ್ದಾಗ ಔರಾದ ಕಡೆಯ ಒಂದು ಹಳ್ಳಿಯಲ್ಲಿ ಇದನ್ನು ನೋಡಿದ್ದೇನೆ. ದೀಪ ಆರದಿದ್ದರೂ ಮೇಲಿನ ಹಿರಿಯರಿಗೆ ಸಮಾಧಾನವಿರುತ್ತಿರಲಿಲ್ಲ. “ಏ ತಮ್ಮಾ, ಮಾತಾಡ್ಕೋತ ಇರಪಾ, ಸುಮ್ಮ ಆಗಬ್ಯಾಡ” ಎಂದು ಕೂಗಿ ಹೇಳುತ್ತಿದ್ದರು. ಕೆಳಗಿನವನು ಒಂದು ಪದವನ್ನು ಗುನುಗಿಕೊಳ್ಳುತ್ತ ಜೋಳ ತುಂಬುತ್ತಿದ್ದ. ಆ ಮಣ್ಣಿನ ಒಡಲಿನಿಂದ ಬರುತ್ತಿದ್ದ ದನಿ ಅವನದೇ ದನಿಯಂತಿರಲಿಲ್ಲ; ದಪ್ಪವಾಗಿ, ದುಂಡಾಗಿ, ನೆಲವೇ ಹಾಡುತ್ತಿರುವಂತೆ ಕೇಳಿಸುತ್ತಿತ್ತು. ದನಿ ನಿಂತರೆ ಪ್ರಾಣಕ್ಕೆ ಅಪಾಯವೆಂದೇ ಅರ್ಥ. ಹಾಡು ಅಲ್ಲಿ ಮನರಂಜನೆಗಾಗಿ ಇರಲಿಲ್ಲ. ದೇಹ ಬದುಕಿದೆಯೆಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ಈ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಆದಿಮಾನವನ ಗುಹೆಗಳಿಗೆ ಹೋಗೋಣ. 1983ರಲ್ಲಿ ಇಗೋರ್ ರೆಜ್ನಿಕಾಫ್ ಎಂಬ ಸಂಗೀತಜ್ಞರು ಫ್ರಾನ್ಸಿನ ದಕ್ಷಿಣ ಭಾಗದ ಚಿತ್ರಗುಹೆಗಳನ್ನು ಹೊಕ್ಕು, ತಮ್ಮ ಕೊರಳಿನಿಂದಲೇ ಅವುಗಳನ್ನು ಪರೀಕ್ಷಿಸತೊಡಗಿದರು. ತುಟಿ ಮುಚ್ಚಿ ಗುಂಯ್‌ಗುಡುತ್ತ ನಡೆದರೆ ಕೆಲವು ಎಡೆಗಳಲ್ಲಿ ಗುಹೆ ತಟ್ಟನೆ ಓಗೊಡುತ್ತಿತ್ತು. ಪುರಾತತ್ತ್ವಜ್ಞ ಮಿಶೆಲ್ ದೋವ್ವಾ ಅವರೊಡನೆ ಸೇರಿ 1988ರಲ್ಲಿ ಅವರು ಪ್ರಕಟಿಸಿದ ಅಭಿಪ್ರಾಯವಿದು: ದನಿ ಚೆನ್ನಾಗಿ ಮೊಳಗುವ ಎಡೆಗಳಲ್ಲಿಯೇ ಚಿತ್ರಗಳು ಹೆಚ್ಚು. ನಿಯೊ ಎಂಬ ಗುಹೆಯಲ್ಲಿ ಕಾಡುಕೋಣಗಳ ಚಿತ್ರಗಳಿರುವ ವಿಶಾಲವಾದ ಕೋಣೆ ಒಂದು ದೇವಾಲಯದಂತೆ ಮೊಳಗುತ್ತದೆ. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. 2017ರಲ್ಲಿ ಸ್ಪೇನಿನ ಉತ್ತರ ಭಾಗದ ಐದು ಗುಹೆಗಳನ್ನು ಯಂತ್ರಗಳಿಂದ ಅಳೆದವರು, ಚಿತ್ರಕ್ಕೂ ಧ್ವನಿಗೂ ಸಂಬಂಧದ ಸುಳಿವಿದೆ, ಆದರೆ ಅದು ದುರ್ಬಲವಾದುದು ಎಂದು ಬರೆದರು. ವಿದ್ವಾಂಸರ ಚರ್ಚೆ ನಡೆಯಲಿ. ಆ ಜನರು ಗುಹೆಯಲ್ಲಿ ದನಿ ಮಾಡುತ್ತಿದ್ದರೆಂಬುದಕ್ಕಂತೂ ಬೇರೊಂದು ಆಧಾರ ದೊರೆತಿದೆ.

ಅದು ಒಂದು ಶಂಖ. ಫ್ರಾನ್ಸಿನ ಮಾರ್ಸುಲಾ ಗುಹೆಯ ಬಾಗಿಲಲ್ಲಿ 1931ರಲ್ಲಿ ಸಿಕ್ಕಿದ್ದ ಅದನ್ನು ನೀರು ಕುಡಿಯುವ ಪಾತ್ರೆಯೆಂದು ಭಾವಿಸಿ ಸಂಗ್ರಹಾಲಯದಲ್ಲಿ ಇಟ್ಟಿದ್ದರು. 2021ರಲ್ಲಿ ಮರುಪರಿಶೀಲಿಸಿದಾಗ ಅದರ ತುದಿಯನ್ನು ಬೇಕೆಂದೇ ಒಡೆದು ಊದಲು ಅಣಿಗೊಳಿಸಿದ್ದು ತಿಳಿಯಿತು. ಗುಹೆಯ ಗೋಡೆಯ ಮೇಲಿನಂಥದೇ ಕೆಂಪು ಬೊಟ್ಟುಗಳು ಶಂಖದ ಒಳಗೂ ಇದ್ದವು. ಸುಮಾರು 18,000 ವರ್ಷ ಹಳೆಯದಾದ ಆ ಶಂಖವನ್ನು ಒಬ್ಬ ವಾದಕನಿಂದ ಊದಿಸಿದಾಗ ಅದು ಮೂರು ಸ್ವರಗಳನ್ನು ನುಡಿಯಿತು. ಶಂಖನಾದವಿಲ್ಲದೆ ಪೂಜೆ ಪೂರ್ಣವಾಗದ ನಾಡಿನವರಾದ ನಮಗೆ ಈ ಸುದ್ದಿ ದೂರದ್ದೆನಿಸುವುದಿಲ್ಲ. ಒಂದೇ ಬಣ್ಣ ಗೋಡೆಗೂ ವಾದ್ಯಕ್ಕೂ ಹತ್ತಿದೆಯೆಂದರೆ, ಬರೆದ ಕೈಗೂ ಊದಿದ ಬಾಯಿಗೂ ನಡುವೆ ಆ ಜನ ಗೆರೆ ಎಳೆದಿರಲಿಲ್ಲವೆಂದು ಊಹಿಸಬಹುದು.

ಕರ್ನಾಟಕದಲ್ಲಿಯೂ ಇದಕ್ಕೆ ಸಮನಾದ ಒಂದು ತಾಣವಿದೆ. ಬಳ್ಳಾರಿಯ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ದನಗಾಹಿಗಳು ನೆಲಸಿದ್ದರು. ಕುಪ್ಪಗಲ್ಲಿನ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನೂ ಮನುಷ್ಯರ ಆಕೃತಿಗಳನ್ನೂ ಕುಟ್ಟಿ ಮೂಡಿಸಿದ್ದಾರೆ. 1892ರಲ್ಲಿ ಫಾಸೆಟ್ ಎಂಬವರು ಇವುಗಳ ವಿಷಯ ಬರೆದಿದ್ದರು. ಅಲ್ಲಿಯ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಬಂಡೆ ಜಾಗಟೆಯಂತೆ ಮೊಳಗುತ್ತದೆ. ನಿಕೋಲ್ ಬಾಯ್ವಿನ್ ಎಂಬ ಪುರಾತತ್ತ್ವಜ್ಞೆ 2004ರಲ್ಲಿ ಈ ತಾಣವನ್ನು ಕುರಿತು ಬರೆಯುತ್ತ, ಚಿತ್ರವನ್ನು ಕುಟ್ಟುವ ಕ್ರಿಯೆ, ಅದರಿಂದ ಏಳುವ ನಾದ, ಕುಟ್ಟುವವನ ಮೈಯ ಲಯ ಇವನ್ನು ಬೇರ್ಪಡಿಸಲಾಗದೆಂದು ವಿವೇಚಿಸಿದರು. ಕೆಲವು ಚಿತ್ರಗಳಿರುವ ಎಡೆಗಳು ಎಷ್ಟು ದುರ್ಗಮವೆಂದರೆ, ಬಂಡೆಗೆ ಜೋತುಬಿದ್ದಲ್ಲದೆ ಅವನ್ನು ಮೂಡಿಸುವುದು ಸಾಧ್ಯವಿರಲಿಲ್ಲ. ಬಂಡೆಯ ಮೇಲಿನ ದನ ನಮ್ಮ ಕಣ್ಣಿಗೆ ಉಳಿದಿದೆ; ಅದು ಮೂಡುವಾಗ ಕೇಳಿಸಿದ ಪೆಟ್ಟಿನ ಸಾಲು ಉಳಿದಿಲ್ಲ. ಬಂಡೆ ಮಾತ್ರ ಈಗಲೂ ಅದೇ ಸ್ವರವನ್ನು ಕೊಡಬಲ್ಲದು.

ಚಾರಿತ್ರಿಕ ಕಾಲಕ್ಕೆ ಬಂದರೆ, 6ನೆಯ ಶತಮಾನದ ಬಾದಾಮಿಯ ಮೊದಲ ಗುಹೆಯ ಹೊರಬದಿಯಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಅವನ ಪಕ್ಕದಲ್ಲಿ ವಾದ್ಯ ನುಡಿಸುವವನನ್ನು ಕೆತ್ತಲು ಶಿಲ್ಪಿ ಮರೆತಿಲ್ಲ. ಗುಹೆಯ ಬಾಗಿಲಲ್ಲಿಯೇ ನಾದವೂ ನರ್ತಿಸುವ ದೇಹವೂ ನಮ್ಮನ್ನು ಎದುರುಗೊಳ್ಳುತ್ತವೆ.

ಶಿಲ್ಪಿ ಕಲ್ಲಿನಲ್ಲಿ ಕಂಡದ್ದನ್ನು ಶಾಸ್ತ್ರಕಾರರು ಮಾತಿನಲ್ಲಿ ವಿವರಿಸಿದರು. ಎಲ್ಲೋರದ ಗುಹೆಗಳಿಗೆ ಸಮೀಪದಲ್ಲಿರುವ ದೇವಗಿರಿಯಲ್ಲಿ, ಯಾದವ ದೊರೆ ಸಿಂಘಣನ ಆಶ್ರಯದಲ್ಲಿ, 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದ. ಆ ಗ್ರಂಥದ ಮೊದಲ ಅಧ್ಯಾಯವನ್ನು ತೆರೆದವನಿಗೆ ಆಶ್ಚರ್ಯ ಕಾದಿರುತ್ತದೆ. ಸ್ವರಗಳ ವಿಚಾರಕ್ಕೆ ಮೊದಲೇ ಅಲ್ಲಿ ಮನುಷ್ಯದೇಹದ ಉತ್ಪತ್ತಿ, ಗರ್ಭದಲ್ಲಿ ಅದರ ಬೆಳವಣಿಗೆ, ಅಂಗಾಂಗಗಳ ವಿವರ ಬರುತ್ತದೆ. ದೇಹವನ್ನು ಅರಿಯದವನು ನಾದವನ್ನು ಅರಿಯಲಾರನೆಂಬುದು ಅವನ ಭಾವ. ನುಡಿಯಬೇಕೆಂಬ ಇಚ್ಛೆ ಮನಸ್ಸನ್ನು, ಮನಸ್ಸು ದೇಹದ ಬೆಂಕಿಯನ್ನು, ಬೆಂಕಿ ಗಾಳಿಯನ್ನು ಎಬ್ಬಿಸುತ್ತದೆ. ಆ ಗಾಳಿ ಎದೆಯಲ್ಲಿ ಮಂದ್ರವಾಗಿ, ಕಂಠದಲ್ಲಿ ಮಧ್ಯವಾಗಿ, ತಲೆಯಲ್ಲಿ ತಾರವಾಗಿ ಮೊಳಗುತ್ತದೆ ಎನ್ನುತ್ತಾನೆ.

ಅದೇ ಶತಮಾನದ ನಮ್ಮ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವ್ಯಾಕರಣಕ್ಕೆ ತೊಡಗುವ ಮುನ್ನ ಹೇಳುವ ಮಾತೂ ಇದಕ್ಕೆ ಹತ್ತಿರದ್ದು. ಜೀವನ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ಹೊಕ್ಕುಳಿನ ಬುಡದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿಯದು ಎಂದು ಅವನು ತಿಳಿಸುತ್ತಾನೆ. ಎಂ.ಎ. ತರಗತಿಗಳಲ್ಲಿ ಇದನ್ನು ಪಾಠ ಹೇಳುವಾಗ ಶಬ್ದಕ್ಕೆ ಬಣ್ಣವುಂಟೇ ಎಂದು ವಿದ್ಯಾರ್ಥಿಗಳು ನಗುತ್ತಿದ್ದರು. ಬಣ್ಣದ ಮಾತು ಹಾಗಿರಲಿ, ಕಹಳೆಯ ಉಪಮೆಯನ್ನು ನೋಡಿ ಎಂದು ನಾನು ಹೇಳುತ್ತಿದ್ದೆ. ದೇಹವನ್ನು ಒಳಗೆ ಟೊಳ್ಳಾದ ಒಂದು ವಾದ್ಯವೆಂದು ವೈಯಾಕರಣನೊಬ್ಬ ಕಂಡಿದ್ದಾನೆ. ಇಂದಿನ ಧ್ವನಿವಿಜ್ಞಾನ ಇದನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ಗಂಟಲ ತಂತುಗಳಿಂದ ತುಟಿಯವರೆಗೆ ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದದ ಒಂದು ಕೊಳವೆಯಿದೆ. ನಾಲಗೆ, ದವಡೆ, ತುಟಿಗಳು ಆ ಪುಟ್ಟ ಗುಹೆಯ ಆಕಾರವನ್ನು ಬದಲಿಸುತ್ತವೆ. ಆಕಾರ ಬದಲಾದಂತೆ ಅನುನಾದ ಬದಲಾಗಿ ಅ, ಇ, ಉ ಎಂಬ ಸ್ವರಾಕ್ಷರಗಳಾಗುತ್ತವೆ. ಕೇಳುವ ಕಡೆಗೂ ಗುಹೆಯೇ ಇದೆ. ಕಿವಿಯ ಒಳಗೆ ಎರಡೂವರೆ ಸುತ್ತು ಸುತ್ತಿದ ಶಂಖದಾಕಾರದ ಒಂದು ಎಲುಬಿನ ಮನೆ. ಅದರೊಳಗಿನ ದ್ರವದ ಅಲೆಯೇ ನಮಗೆ ಕೇಳುವಿಕೆ. ಒಬ್ಬನ ಗುಹೆಯಿಂದ ಹೊರಟು ಇನ್ನೊಬ್ಬನ ಗುಹೆಯನ್ನು ಹೊಗುವ ಗಾಳಿಯ ಅಲೆಯನ್ನೇ ನಾವು ಮಾತು ಎನ್ನುತ್ತೇವೆ.

ಗುಹೆಯನ್ನು ದೇಹದಲ್ಲಿ ಕಂಡ ಮಹಾನುಭಾವನೊಬ್ಬ ನಮ್ಮ ಸೀಮೆಯ ಕಲ್ಯಾಣಕ್ಕೆ ಬಂದು, ಶೂನ್ಯಸಿಂಹಾಸನವನ್ನೇರಿದನೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಮಪ್ರಭುವಿನ ಅಂಕಿತ ‘ಗುಹೇಶ್ವರ’. ಆ ಅಂಕಿತದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಗುಹೆಯ ಒಡೆಯನೆಂಬ ಅರ್ಥವೇ ಓದುಗರ ಮನಸ್ಸಿನಲ್ಲಿ ನಿಂತಿದೆ. ಹರಿಹರನ ರಗಳೆಯ ಕಥೆಯನ್ನು ನೋಡಿ. ಅಲ್ಲಮ ಮೊದಲು ಮದ್ದಳೆಗಾರ. ಕಮಲತೆಯನ್ನು ಒಲಿದು, ಅವಳ ಸಾವಿನಿಂದ ಕಂಗೆಟ್ಟು ಅಲೆಯುತ್ತಾನೆ. ಒಂದು ತೋಟದಲ್ಲಿ ನೆಲವನ್ನು ಉಗುರಿನಿಂದ ಕೆದಕುತ್ತ ಕುಳಿತಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ನೆಲವನ್ನು ಅಗೆದು ಒಳಹೊಕ್ಕರೆ ಅಲ್ಲಿ ಅನಿಮಿಷನೆಂಬ ಯೋಗಿ ಎವೆಯಿಕ್ಕದೆ ಕುಳಿತಿದ್ದಾನೆ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ. ನಾದ ನುಡಿಸುತ್ತಿದ್ದವನು, ದೇಹವನ್ನು ಪ್ರೀತಿಸಿ ಕಳೆದುಕೊಂಡವನು, ನೆಲದಡಿಯ ಕತ್ತಲೆಯನ್ನು ಹೊಕ್ಕು ಬೇರೆಯವನಾಗಿ ಹೊರಬಂದ. ಆ ಮೇಲೆ ಅವನ ವಾದ್ಯ ಚರ್ಮದ್ದಾಗಿರಲಿಲ್ಲ, ಮಾತಿನದಾಗಿತ್ತು.

ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬರುವ ಗೋರಕ್ಷನ ಪ್ರಸಂಗವೂ ಇಲ್ಲಿ ಅರ್ಥಪೂರ್ಣ. ಗೋರಕ್ಷನು ಸಾಧನೆಯಿಂದ ವಜ್ರದೇಹವನ್ನು ಪಡೆದವನು. ಅವನಿಗೆ ಖಡ್ಗ ತಾಗಿದಾಗ ಲೋಹಕ್ಕೆ ಲೋಹ ತಾಗಿದಂತೆ ಸದ್ದಾಯಿತು. ಅಲ್ಲಮನ ಮೈಗೆ ಬೀಸಿದ ಖಡ್ಗವಾದರೋ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಎದುರಿಸಿ ನಿಲ್ಲುವ ದೇಹ ಸದ್ದು ಮಾಡುತ್ತದೆ; ತನ್ನನ್ನು ಬರಿದುಮಾಡಿಕೊಂಡ ದೇಹ ಎಲ್ಲಕ್ಕೂ ಎಡೆಕೊಡುತ್ತದೆ. ಮದ್ದಳೆಯೂ ಕೊಳಲೂ ಗುಹೆಯೂ ನಾದಕ್ಕೆ ಒದಗುವುದು ಒಳಗಿನ ಬರಿದಿನಿಂದಲೇ ಎಂಬುದು ಮದ್ದಳೆಗಾರನಾಗಿದ್ದ ಅಲ್ಲಮನಿಗೆ ಹೊಸದಾಗಿ ಕಲಿಸಬೇಕಾದ ಪಾಠವಾಗಿರಲಿಲ್ಲ. ಬಯಲೆಂಬ ಅವನ ಮಹಾಶಬ್ದವನ್ನು ನಾನು ಈ ದಾರಿಯಿಂದಲೂ ಅರ್ಥಮಾಡಿಕೊಳ್ಳಲು ಯತ್ನಿಸುತ್ತೇನೆ.

ಇಷ್ಟೆಲ್ಲ ಹೇಳಿದ್ದು ಹಳೆಯ ಕಾಲವನ್ನು ಹೊಗಳುವುದಕ್ಕಲ್ಲ. ಈ ಸಂಪತ್ತು ನಮ್ಮ ಕಣ್ಣೆದುರಿಗೇ ಸವೆಯುತ್ತಿದೆಯೆಂಬ ಕಳವಳದಿಂದ ಹೇಳಿದೆ. ಕುಪ್ಪಗಲ್ಲಿನ ಬೆಟ್ಟಕ್ಕೆ ಕಲ್ಲು ಗಣಿಯಿಂದ ಅಪಾಯವಿದೆಯೆಂದು 2004ರಲ್ಲಿಯೇ ಸಂಶೋಧಕರು ಎಚ್ಚರಿಸಿದ್ದರು. ನಾದ ಕೊಡುವ ಬಂಡೆ ಜಲ್ಲಿಯಾದರೆ ಅದರ ಸ್ವರವನ್ನು ಯಾವ ಚಿತ್ರವೂ ಮರಳಿ ಕೊಡಲಾರದು. ಬೀದರದ ಐತಿಹಾಸಿಕ ನಗರವನ್ನು ವಿಶ್ವ ಸ್ಮಾರಕ ನಿಧಿಯವರು 2014ರ ಪಟ್ಟಿಯಲ್ಲಿ ಸೇರಿಸಿದರು. ಆ ಬಳಿಕ ನೌಬಾದಿನ ಸುರಂಗದ ಹೂಳು ತೆಗೆಯುವ ಕೆಲಸವೂ ನಡೆಯಿತು. ಇವು ಸಂತೋಷದ ಸಂಗತಿಗಳು. ಆದರೆ ನಮ್ಮ ಸಂರಕ್ಷಣೆಯ ಲೆಕ್ಕದಲ್ಲಿ ಕಲ್ಲು, ಗಾರೆ, ಶಾಸನಗಳಿಗೆ ಒಂದು ಕಟ್ಟು. ಹಾಡು, ಕುಣಿತಗಳಿಗೆ ಇನ್ನೊಂದು ಕಟ್ಟು. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ಕೂಡ ತಾಣಗಳಿಗಾಗಿ 1972ರಲ್ಲಿ ಒಂದು ಒಡಂಬಡಿಕೆಯನ್ನೂ ಆಚರಣೆಗಳಿಗಾಗಿ 2003ರಲ್ಲಿ ಇನ್ನೊಂದನ್ನೂ ಮಾಡಿತು. ಒಂದು ತಾಣದಲ್ಲಿ ಮಾತ್ರ ಕೇಳುವ, ಆದರೆ ಯಾರ ಹಾಡೂ ಅಲ್ಲದ ದನಿ ಈ ಎರಡರ ನಡುವೆ ಬಿದ್ದುಹೋಗುತ್ತದೆ.

ನಮ್ಮ ತೀರ್ಥಕ್ಷೇತ್ರಗಳಲ್ಲಿ ಇಂದು ಧ್ವನಿವರ್ಧಕವಿಲ್ಲದ ಎಡೆ ಅಪರೂಪ. ಭಕ್ತಿಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ನೂರು ಕೊರಳುಗಳು ಕೂಡಿ ಎಬ್ಬಿಸುವ ಮೊಳಗು ಬೇರೆ. ಒಂದು ಪೆಟ್ಟಿಗೆ ಎಲ್ಲರ ಪರವಾಗಿ ಕೂಗುವುದು ಬೇರೆ. ಮೊದಲನೆಯದರಲ್ಲಿ ಗುಹೆಯೂ ದೇಹವೂ ಪಾಲುದಾರರು. ಎರಡನೆಯದರಲ್ಲಿ ಅವೆರಡೂ ಬರಿಯ ಗೋಡೆಗಳು. ಬಾವಲಿಗಳಿಗಾಗುವ ಉಪದ್ರವವನ್ನು ನಾನು ಬೇರೆಯಾಗಿ ಹೇಳಬೇಕಾಗಿಲ್ಲ.

ಆದುದರಿಂದ ನನ್ನ ಬಿನ್ನಹ ಸಣ್ಣದು. ಗುಹೆ, ಗುಮ್ಮಟ, ಸುರಂಗಗಳಲ್ಲಿ ದಿನದಲ್ಲಿ ಒಂದು ಗಂಟೆಯಾದರೂ ಯಂತ್ರದ ಸದ್ದು ಇರದಿರಲಿ. ನಮ್ಮ ಕಾಲೇಜುಗಳ ಕನ್ನಡ, ಇತಿಹಾಸ, ಭೌತವಿಜ್ಞಾನ ವಿಭಾಗಗಳು ಕೂಡಿ ಇಂಥ ತಾಣಗಳ ಧ್ವನಿಯನ್ನು ಮುದ್ರಿಸಿ ಇಡಲಿ. ಕೈಚಪ್ಪಾಳೆಯ ಒಂದು ಸದ್ದು ಎಷ್ಟು ಹೊತ್ತು ಉಳಿಯುತ್ತದೆಂಬುದನ್ನು ಅಳೆಯುವುದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಭಾಲ್ಕಿ, ಔರಾದ ಹಳ್ಳಿಗಳಲ್ಲಿ ಹಗೇವಿಗೆ ಇಳಿದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅಲ್ಲಿ ಅವರು ಹಾಡಿಕೊಳ್ಳುತ್ತಿದ್ದ ಪದಗಳನ್ನು, ಅವರ ದನಿ ಆರುವ ಮುನ್ನ, ನಮ್ಮ ಜಾನಪದ ಸಂಗ್ರಾಹಕರು ಕೇಳಿ ಬರೆದುಕೊಳ್ಳಲಿ. ಮಕ್ಕಳನ್ನು ಬೀದರದ ಕೋಟೆ ನೋಡಲು ಕರೆತರುವ ಉಪಾಧ್ಯಾಯರು ಒಂದು ಕಮಾನಿನಡಿಯಲ್ಲಿ ಅವರನ್ನು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಅವರವರ ಹೆಸರನ್ನು ಮೆಲ್ಲಗೆ ಹೇಳಿಸಲಿ. ಕಲ್ಲು ತಮ್ಮ ಹೆಸರನ್ನು ಮರಳಿ ಹೇಳುವುದನ್ನು ಕೇಳಿದ ಮಗು ಆ ಕಲ್ಲಿನ ಮೇಲೆ ಮೊಳೆಯಿಂದ ಹೆಸರು ಕೆತ್ತಲಾರದು.